ಬಾಡಿಗೆ ಮನೆ ತನ್ನ ಸಾಲವನ್ನು ತಾನೇ ಹೊರುತ್ತದೆಯೇ?

ಮಧ್ಯಮ ವರ್ಗದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಏಳುವ ಮಾತುಗಳಲ್ಲಿ ಇದೂ ಒಂದು: "ಕೆಳಗಿನ ಮನೆಯಲ್ಲಿ ನಾವಿರೋಣ, ಮೇಲಿನವನ್ನು ಬಾಡಿಗೆಗೆ ಕೊಡೋಣ. ಬ್ಯಾಂಕಿನ ಕಂತು ಬಾಡಿಗೆಯಲ್ಲೇ ತೀರಿಹೋಗುತ್ತೆ." ಮಾತು ಕೇಳಲು ಹಿತವಾಗಿದೆ. ಸ್ವಂತ ಮನೆಯೂ ಆಯಿತು, ತಿಂಗಳಿಗೊಂದು ವರಮಾನವೂ ಆಯಿತು. ಆದರೆ ಈ ಮಾತು ಕಾಗದದ ಮೇಲೆ ಲೆಕ್ಕವಾಗಿ ಇಳಿಯುವುದು ಅಪರೂಪ. ಇಳಿದರೂ ಅದು ಬ್ಯಾಂಕಿನವರು ಹಾಕಿಕೊಟ್ಟ ಲೆಕ್ಕವಾಗಿರುತ್ತದೆಯೇ ಹೊರತು ಮನೆಯವರು ಹಾಕಿದ ಲೆಕ್ಕವಾಗಿರುವುದಿಲ್ಲ.

ಇಂಥ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಊರು ಒಂದು ಜಿಲ್ಲಾ ಕೇಂದ್ರ. ತಂದೆಗೆ 48 ವರ್ಷ, ಖಾಸಗಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ತಾಯಿ ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಇಬ್ಬರ ಸಂಬಳ ಸೇರಿ ಕೈಗೆ ಬರುವುದು ತಿಂಗಳಿಗೆ 85,000 ರೂಪಾಯಿ. ಮಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ 35,000 ರೂಪಾಯಿಯ ಮೊದಲ ಕೆಲಸಕ್ಕೆ ಸೇರಿದ್ದಾನೆ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಈಗಿರುವ ಮನೆಗೆ ಬಾಡಿಗೆ 11,000 ರೂಪಾಯಿ. ಭವಿಷ್ಯನಿಧಿ, ಬ್ಯಾಂಕ್ ಠೇವಣಿ, ಹಳ್ಳಿಯ ತುಂಡು ಜಮೀನು ಮಾರಿದ ಹಣ, ಎಲ್ಲ ಸೇರಿ 28 ಲಕ್ಷ ರೂಪಾಯಿ ಕೂಡಿದೆ.

ಕಾಲೇಜಿನ ಹತ್ತಿರ ಒಂದು ಕಟ್ಟಡ ಮಾರಾಟಕ್ಕಿದೆ ಎಂದು ದಲ್ಲಾಳಿ ಸುದ್ದಿ ತಂದಿದ್ದಾನೆ. ಕೆಳಗೆ ಎರಡು ಕೋಣೆಯ ಒಂದು ಮನೆ, ಮೊದಲ ಮಹಡಿಯಲ್ಲಿ ಒಂದೊಂದು ಕೋಣೆಯ ಎರಡು ಮನೆ, ತಾರಸಿಯ ಮೇಲೆ ವಿದ್ಯಾರ್ಥಿಗಳಿಗೆ ಆಗುವಂಥ ಒಂದು ಕೊಠಡಿ. ಹಿಂದಿನ ಕಾಲದ ವಠಾರವನ್ನು ನಿಲ್ಲಿಸಿ ಮೇಲಕ್ಕೆ ಕಟ್ಟಿದಂತೆ. ಬೆಲೆ 80 ಲಕ್ಷ. ಮೇಲಿನ ಎರಡು ಮನೆಗಳಿಂದ ತಲಾ 7,500, ಕೊಠಡಿಯಿಂದ 4,000, ಒಟ್ಟು 19,000 ರೂಪಾಯಿ ಬಾಡಿಗೆ. ಕೆಳಗಿನ ಮನೆಯಲ್ಲಿ ತಾವೇ ಇದ್ದರೆ ಈಗ ಕಟ್ಟುತ್ತಿರುವ 11,000 ಉಳಿಯುತ್ತದೆ. ಉಳಿದ ಹಣವೂ ಬಂದ ಹಣವೇ. ಆದ್ದರಿಂದ ಕಟ್ಟಡದ ದುಡಿಮೆ ತಿಂಗಳಿಗೆ 30,000 ರೂಪಾಯಿ ಎಂದು ತಂದೆಯ ಲೆಕ್ಕ.

"ಬ್ಯಾಂಕಿನವರು 64 ಲಕ್ಷ ಕೊಡ್ತಾರಂತೆ" ಎಂದರು ತಂದೆ.

"ಅವರು ಕೊಡ್ತಾರೆ ರೀ, ಕಟ್ಟೋರು ನಾವಲ್ವಾ?" ಎಂದರು ತಾಯಿ.

ಈ ಎರಡು ವಾಕ್ಯಗಳ ನಡುವಿನ ಅಂತರವೇ ಈ ವಾರದ ವಿಷಯ.

ಬ್ಯಾಂಕ್ ಕೊಡುವ ಸಾಲ, ಮನೆ ಹೊರುವ ಸಾಲ

ಬ್ಯಾಂಕ್ ಎಷ್ಟು ಕೊಡಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯಿದೆ. 30 ಲಕ್ಷದವರೆಗಿನ ಗೃಹಸಾಲವಾದರೆ ಮನೆಯ ಮೌಲ್ಯದ ಶೇ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ 80ರಷ್ಟು, ಅದಕ್ಕೂ ಮೇಲಿನ ಸಾಲಕ್ಕೆ ಶೇ 75ರಷ್ಟು. 80 ಲಕ್ಷದ ಶೇ 80 ಎಂದರೆ 64 ಲಕ್ಷ. ತಂದೆ ಹೇಳಿದ ಅಂಕಿ ಇಲ್ಲಿಂದ ಬಂದದ್ದು. ಅದು ಗರಿಷ್ಠ ಮಿತಿ. ಅಷ್ಟನ್ನೂ ಪಡೆಯಬೇಕೆಂಬ ಸಲಹೆ ಅದರಲ್ಲಿಲ್ಲ.

ಇನ್ನು ಕಂತಿನ ಲೆಕ್ಕ. ಬಡ್ಡಿ ವರ್ಷಕ್ಕೆ ಶೇ 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ಪ್ರತಿ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಹೊಸ ಗಣಿತವಲ್ಲ. ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರದಿಂದಲೇ ಸಮಾನ ಮಾಸಿಕ ಕಂತು, ಬ್ಯಾಂಕಿನವರ ಮಾತಿನಲ್ಲಿ ಇ.ಎಂ.ಐ., ಹುಟ್ಟುತ್ತದೆ. 64 ಲಕ್ಷಕ್ಕೆ ಕಂತು 55,541 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 45,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 10,208 ರೂಪಾಯಿ ಮಾತ್ರ. ಐದು ವರ್ಷ ತಪ್ಪದೆ ಕಟ್ಟಿದರೆ ಕೈಬಿಟ್ಟ ಹಣ 33 ಲಕ್ಷ ದಾಟುತ್ತದೆ. ಆಗಲೂ ಬಾಕಿ ಉಳಿದಿರುವುದು 56.4 ಲಕ್ಷ.

ಇತ್ತ ದುಡಿಮೆಯ ಕಡೆ ನೋಡಬೇಕು. 30,000 ರೂಪಾಯಿ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಬಾಡಿಗೆದಾರರು ಬದಲಾಗುವಾಗ ಮೇಲಿನ ಮನೆಗಳು ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 19,000 ಹೋಯಿತು. ಆಸ್ತಿ ತೆರಿಗೆ, ನೀರು, ಮೆಟ್ಟಿಲ ದೀಪ, ಮೋಟಾರಿನ ರಿಪೇರಿಗೆ 25,000. ಸುಣ್ಣಬಣ್ಣ, ತಾರಸಿಯ ಸೋರಿಕೆ, ಒಡೆದ ಪೈಪುಗಳಿಗೆಂದು ವರ್ಷಕ್ಕೆ 46,000 ತೆಗೆದಿಡಬೇಕು. ಒಟ್ಟು 90,000. ವರ್ಷದ 3.6 ಲಕ್ಷದಲ್ಲಿ ಇದು ಸರಿಯಾಗಿ ಕಾಲು ಭಾಗ. ಉಳಿಯುವುದು ತಿಂಗಳಿಗೆ 22,500 ರೂಪಾಯಿ.

ಇಲ್ಲಿ ಮಗಳು ತನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿದಳು. ಲಕ್ಷಕ್ಕೆ 868 ರೂಪಾಯಿ ಕಂತಾದರೆ 22,500 ರೂಪಾಯಿ ಎಷ್ಟು ಲಕ್ಷದ ಸಾಲವನ್ನು ತೀರಿಸುತ್ತದೆ? ಉತ್ತರ: ಸುಮಾರು 26 ಲಕ್ಷ.

"ಅಪ್ಪ, ಬ್ಯಾಂಕ್ ಕೊಡೋದು 64 ಲಕ್ಷ. ಈ ಕಟ್ಟಡ ಹೊರೋದು 26 ಲಕ್ಷ. ಮಿಕ್ಕ 38 ಲಕ್ಷಾನ ಯಾರು ಹೊರ್ತಾರೆ?"

ತಿಂಗಳಿಗೆ 33,041 ರೂಪಾಯಿಯ ಕೊರತೆ. ಅದು ಸಂಬಳದಿಂದ ಬರಬೇಕು. ಬಾಡಿಗೆ ವರ್ಷವರ್ಷವೂ ಏರುತ್ತದಲ್ಲ ಎಂದು ಕೇಳಬಹುದು. ಏರುತ್ತದೆ. ಖರ್ಚು ಕಳೆದು ಉಳಿಯುವ ಬಾಡಿಗೆ ಪ್ರತಿವರ್ಷ ಶೇ 5ರಂತೆ ಏರುತ್ತಾ ಹೋದರೂ ಅದು ಕಂತಿನ ಮಟ್ಟವನ್ನು ಮುಟ್ಟಲು ಹದಿನೆಂಟೂವರೆ ವರ್ಷ ಬೇಕು. ಸಾಲ ಮುಗಿಯುವುದೇ 20 ವರ್ಷಕ್ಕೆ.

ಈ ಅಂತರಕ್ಕೆ ಕಾರಣ ಸರಳ. ಈ ಕಟ್ಟಡದಲ್ಲಿ ಹೂಡಿದ ಪ್ರತಿ ನೂರು ರೂಪಾಯಿಗೆ ಖರ್ಚು ಕಳೆಯುವ ಮೊದಲೇ ಬರುವುದು ವರ್ಷಕ್ಕೆ ನಾಲ್ಕೂವರೆ ರೂಪಾಯಿ. ಸಾಲ ತಂದ ನೂರು ರೂಪಾಯಿಗೆ ಕೊಡಬೇಕಾದ ಬಡ್ಡಿ ಎಂಟೂವರೆ ರೂಪಾಯಿ. ಎಂಟೂವರೆಗೆ ತಂದು ನಾಲ್ಕೂವರೆಗೆ ಹಾಕಿದ ಹಣ ತನ್ನನ್ನು ತಾನು ತೀರಿಸಿಕೊಳ್ಳಲಾರದು. ನಿವೇಶನದ ಬೆಲೆ ಏರಿ ಈ ನಷ್ಟ ತುಂಬಬಹುದು ಎಂಬ ಆಸೆ ಸುಳ್ಳಲ್ಲ. ಆದರೆ ಅದು ಮನೆ ಮಾರಿದ ದಿನ ಕೈಗೆ ಬರುವ ಹಣ. ಪ್ರತಿ ತಿಂಗಳ 5ನೇ ತಾರೀಖಿನ ಕಂತಿಗೆ ಅದು ಒದಗುವುದಿಲ್ಲ.

ಅಮೆರಿಕದ ಪರೀಕ್ಷೆ

ಅಮೆರಿಕದಲ್ಲಿ ನೆಲೆಸಿದ ಬಂಧುಗಳು ರಜೆಗೆ ಬಂದಾಗ ಬೇರೆಯದೇ ಮಾತು ಹೇಳುತ್ತಾರೆ. ಅಲ್ಲಿ ಎರಡು, ಮೂರು ಅಥವಾ ನಾಲ್ಕು ಮನೆಗಳಿರುವ ಕಟ್ಟಡವನ್ನು ಬೆಲೆಯ ಶೇ 3.5ರಷ್ಟು ಮಾತ್ರ ಕೈಯಿಂದ ಹಾಕಿ ಕೊಳ್ಳಬಹುದು ಎಂಬುದು ನಿಜವೇ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಇಂಥ ಸಾಲಗಳಿಗೆ ವಿಮೆ ಒದಗಿಸುತ್ತದೆ. ಕೊಂಡವನು ಒಂದು ಮನೆಯಲ್ಲಿ ಕನಿಷ್ಠ ಒಂದು ವರ್ಷ ತಾನೇ ವಾಸಿಸಬೇಕು. ಅಲ್ಲಿ ಬಡ್ಡಿಯನ್ನು 30 ವರ್ಷ ಬದಲಾಗದಂತೆ ಕಟ್ಟಿಹಾಕುವ ಸಾಲವೂ ಸಾಮಾನ್ಯ.

ಆದರೆ ಅದೇ ನಿಯಮದ ಇನ್ನೊಂದು ತುದಿಯನ್ನು ಬಂಧುಗಳು ಹೇಳುವುದು ಕಡಿಮೆ. ಮೂರು ಅಥವಾ ನಾಲ್ಕು ಮನೆಗಳ ಕಟ್ಟಡವಾದರೆ ಒಂದು ಪರೀಕ್ಷೆಯಿದೆ. ಯಜಮಾನ ವಾಸಿಸುವ ಮನೆಯನ್ನೂ ಸೇರಿಸಿ ಎಲ್ಲ ಮನೆಗಳ ಬಾಡಿಗೆಯನ್ನು ಅಂದಾಜು ಮಾಡುತ್ತಾರೆ. ಖಾಲಿ ಬೀಳುವ ದಿನಗಳಿಗೂ ರಿಪೇರಿಗೂ ಕನಿಷ್ಠ ಕಾಲು ಭಾಗ ಕಳೆಯುತ್ತಾರೆ. ಉಳಿದ ಮುಕ್ಕಾಲು ಭಾಗ ತಿಂಗಳ ಕಂತು, ತೆರಿಗೆ, ವಿಮೆಗಳನ್ನು ತುಂಬಬೇಕು. ತುಂಬದಿದ್ದರೆ ಅಷ್ಟು ಸಾಲವಿಲ್ಲ. ಕಟ್ಟಡ ತನ್ನ ಹೊರೆಯನ್ನು ತಾನೇ ಹೊರಬೇಕು ಎಂಬುದು ಆ ಪರೀಕ್ಷೆಯ ಸಾರ.

ಭಾರತದ ಬ್ಯಾಂಕು ಮುಖ್ಯವಾಗಿ ನೋಡುವುದು ಸಾಲಗಾರನ ಸಂಬಳವನ್ನು. ಎಲ್ಲ ಕಂತುಗಳೂ ಸೇರಿ ವರಮಾನದ ಅರ್ಧದ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಸಾಲ ಮಂಜೂರಾಗುತ್ತದೆ. ಕಟ್ಟಡ ತನ್ನ ಹೊರೆ ಹೊರುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ಮನೆಯವರೇ. ಮಗಳು ಮಾಡಿದ್ದು ಇದನ್ನೇ. ಲೆಕ್ಕ ಕಷ್ಟದ್ದಲ್ಲ. ಬಾಡಿಗೆಯ ಮುಕ್ಕಾಲು ಭಾಗ ತೆಗೆದುಕೊಂಡು, ಅದರಲ್ಲಿನ ಪ್ರತಿ ಸಾವಿರ ರೂಪಾಯಿಗೆ 1.15 ಲಕ್ಷ ಎಂದು ಗುಣಿಸಿದರೆ ಸಾಕು. ಶೇ 8.5ರ ಬಡ್ಡಿ, 20 ವರ್ಷದ ಅವಧಿಗೆ ಮನೆ ಹೊರುವ ಸಾಲ ಅಷ್ಟೇ.

ಕೈಯಿಂದ ಹಾಕಬೇಕಾದ ಹಣ

80 ಲಕ್ಷದಲ್ಲಿ 64 ಲಕ್ಷ ಕಳೆದರೆ 16 ಲಕ್ಷ. ಇಷ್ಟು ಕೈಯಲ್ಲಿದ್ದರೆ ಸಾಕು ಎಂದುಕೊಂಡವರಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಘಾತ ಕಾದಿರುತ್ತದೆ. ಕರ್ನಾಟಕದ ನಗರ ಪ್ರದೇಶದಲ್ಲಿ ಇಂಥ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 6.08 ಲಕ್ಷ. ಈ ವೆಚ್ಚವನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುವುದಿಲ್ಲ. 10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ. ವಕೀಲರ ಶುಲ್ಕ, ಬ್ಯಾಂಕಿನ ಶುಲ್ಕ, ದಲ್ಲಾಳಿ ಹಣ, ಸಣ್ಣಪುಟ್ಟ ದುರಸ್ತಿಗೆ ಒಂದೂವರೆ ಲಕ್ಷವಾದರೂ ಬೇಕು. 16 ಲಕ್ಷ ಎಂದುಕೊಂಡದ್ದು ಹೀಗೆ 23.6 ಲಕ್ಷ ಮುಟ್ಟುತ್ತದೆ.

"ಕ್ರಯಪತ್ರದಲ್ಲಿ 60 ಲಕ್ಷ ಬರೆಸೋಣ, ಮಿಕ್ಕದ್ದು ನಗದು ಕೊಡಿ, ನಿಮಗೂ ಶುಲ್ಕ ಉಳಿಯುತ್ತೆ" ಎಂದು ಮಾರುವವರು ಹೇಳುವುದುಂಟು. ಇದು ಕಾನೂನಿಗೆ ವಿರುದ್ಧ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ ಲೆಕ್ಕ ಕೂಡುವುದಿಲ್ಲ. ಕಾಗದದ ಮೇಲಿನ 60 ಲಕ್ಷದ ಶೇ 80 ಎಂದರೆ ಸಾಲ 48 ಲಕ್ಷಕ್ಕೆ ನಿಲ್ಲುತ್ತದೆ. ಶುಲ್ಕದಲ್ಲಿ ಒಂದೂವರೆ ಲಕ್ಷ ಉಳಿಸಲು ಹೋಗಿ 16 ಲಕ್ಷ ಹೆಚ್ಚಿಗೆ ಹೊಂದಿಸಬೇಕಾಗುತ್ತದೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರೇ ಮಾರುವವರ ಹಣದಲ್ಲಿ ಶೇ 1ರಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು ಎಂಬುದನ್ನೂ ನೆನಪಿಡಬೇಕು.

ಕಾಗದಪತ್ರದ ವಿಚಾರ ಪ್ರತ್ಯೇಕ ಲೇಖನಕ್ಕೆ ಸಾಲುವಷ್ಟಿದೆ. ಸಾಲಕ್ಕೆ ಸಂಬಂಧಿಸಿ ಒಂದು ಮಾತು ಸಾಕು. ಒಂದೇ ಕುಟುಂಬದ ಮನೆಗೆಂದು ನಕ್ಷೆ ಮಂಜೂರು ಮಾಡಿಸಿ ನಾಲ್ಕು ಮನೆ ಕಟ್ಟಿದ ಕಟ್ಟಡಗಳು ಎಲ್ಲ ಊರುಗಳಲ್ಲೂ ಇವೆ. ನಕ್ಷೆಯಲ್ಲಿಲ್ಲದ ಮಹಡಿಗೆ ಬ್ಯಾಂಕು ಬೆಲೆ ಕಟ್ಟದಿರಬಹುದು. ಕಟ್ಟಡದ ಆಧಾರದ ಮೇಲೆ ಸಾಲ ಕೊಡುವ ಮುನ್ನ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಋಣಭಾರ ಪತ್ರ, ಖಾತಾ, ಮಂಜೂರಾದ ನಕ್ಷೆ, ಇವನ್ನು ಮುಂಗಡ ಕೊಡುವ ಮೊದಲು ನೋಡಬೇಕು. ಕೊಟ್ಟ ಮೇಲಲ್ಲ.

ಭೋಗ್ಯವೆಂಬ ಸುಲಭ ದಾರಿ

ಹಣ ಸಾಲದೆ ಬಂದಾಗ ಕರ್ನಾಟಕದಲ್ಲಿ ಥಟ್ಟನೆ ಹೊಳೆಯುವ ಉಪಾಯ ಭೋಗ್ಯ. ಜನ ಲೀಸ್ ಎಂದೂ ಕರೆಯುತ್ತಾರೆ. ಮೇಲಿನ ಒಂದು ಮನೆಯನ್ನು ಮೂರು ವರ್ಷಕ್ಕೆ 6 ಲಕ್ಷ ಪಡೆದು ಕೊಟ್ಟರೆ ಬಾಡಿಗೆ ಇಲ್ಲ, ಬಡ್ಡಿಯೂ ಇಲ್ಲ. ಅವಧಿ ಮುಗಿದಾಗ 6 ಲಕ್ಷ ಹಿಂದಿರುಗಿಸಬೇಕು.

ಬಡ್ಡಿ ಇಲ್ಲ ಎಂಬುದು ಕಣ್ಣಿನ ಭ್ರಮೆ. ಆ ಮನೆಯಿಂದ ಬರಬೇಕಿದ್ದ ಬಾಡಿಗೆ ವರ್ಷಕ್ಕೆ 90,000 ರೂಪಾಯಿ. 6 ಲಕ್ಷಕ್ಕೆ 90,000 ಎಂದರೆ ಶೇ 15. ಶೇ 8.5ರ ಬ್ಯಾಂಕ್ ಸಾಲ ಸಾಲದೆಂದು ಶೇ 15ರ ಕೈಸಾಲ ಮಾಡಿದಂತಾಯಿತು. ಅದೂ ಮೂರು ವರ್ಷಕ್ಕೆ ಇಡಿಯಾಗಿ ತೀರಿಸಬೇಕಾದ ಸಾಲ. ತೀರಿಸಲು ಇನ್ನೊಬ್ಬ ಭೋಗ್ಯದಾರನನ್ನು ಹುಡುಕುವುದು, ಅವನ ಹಣದಲ್ಲಿ ಇವನನ್ನು ಕಳುಹಿಸುವುದು, ಹೀಗೆ ಸರಪಳಿ ಬೆಳೆಯುತ್ತದೆ.

ಭೋಗ್ಯದಾರನ ಪಾಡು ಇನ್ನೂ ಕಷ್ಟ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸ್ ಕೊಟ್ಟು ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆಗ ಬ್ಯಾಂಕಿಗೆ ತಿಳಿಸದೆ ಮಾಡಿಕೊಂಡ ಭೋಗ್ಯದ ಕರಾರು ಹಿಡಿದು ನಿಂತವನ 6 ಲಕ್ಷ ಸಿಕ್ಕಿಬೀಳುತ್ತದೆ. ಬೇರೆ ಊರಿಗೆ ಮಕ್ಕಳನ್ನು ಓದಲು ಕಳುಹಿಸಿ ಅಲ್ಲಿ ಭೋಗ್ಯಕ್ಕೆ ಮನೆ ಹಿಡಿಯುವ ತಂದೆ ತಾಯಿಗಳು ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡುವುದು ಇದೇ ಕಾರಣಕ್ಕೆ ಅಗತ್ಯ.

ಬಾಡಿಗೆದಾರರು ಕೊಡುವ ಮುಂಗಡವೂ ಹಾಗೆಯೇ. ಅದು ಹಿಂದಿರುಗಿಸಬೇಕಾದ ಹಣ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅದು ಜಾರಿಗೆ ಬರುತ್ತದೆ. ಕಾಯ್ದೆ ಇರಲಿ ಬಿಡಲಿ, ಮುಂಗಡವನ್ನು ಮನೆ ಕೊಳ್ಳುವ ಹಣಕ್ಕೆ ಸೇರಿಸದೆ ಬೇರೆ ಖಾತೆಯಲ್ಲಿ ಇಡುವುದು ಕ್ಷೇಮ.

ಏರುವ ಬಡ್ಡಿ, ಖಾಲಿ ಕೊಠಡಿ

ಲೆಕ್ಕವೆಲ್ಲ ಶೇ 8.5ರ ಮೇಲೆ ನಿಂತಿದೆ. ಬಡ್ಡಿ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಗಂಟುಬಿದ್ದಿವೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯವರೆಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. 2025ರಲ್ಲಿ ಇಳಿಯಿತು. ಇಪ್ಪತ್ತು ವರ್ಷದಲ್ಲಿ ಇಂಥ ಏರಿಳಿತ ಎಷ್ಟು ಸಲ ಬಂದೀತೆಂದು ಯಾರೂ ಹೇಳಲಾರರು.

ಅದೇ ಎರಡೂವರೆ ಅಂಶ ಈ ಸಾಲದ ಮೇಲೆ ಏರಿದರೆ? ಶೇ 11ರಲ್ಲಿ 64 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 58,667 ರೂಪಾಯಿ. ಹಳೆಯ ಕಂತು 55,541. ಕಂತು ಬಡ್ಡಿಗೂ ಸಾಲುವುದಿಲ್ಲ. ಸಾಲ ತೀರುವ ಬದಲು ಬೆಳೆಯುತ್ತದೆ. ಅದನ್ನು ತಡೆಯಬೇಕಾದರೆ ಕಂತು 66,060ಕ್ಕೆ ಏರಬೇಕು. ಬಡ್ಡಿ ಏರಿದಾಗ ಕಂತು ಹೆಚ್ಚಿಸುವುದೋ, ಅವಧಿ ಉದ್ದ ಮಾಡುವುದೋ, ಸ್ಥಿರ ಬಡ್ಡಿಗೆ ಬದಲಾಗುವುದೋ ಎಂದು ಸಾಲಗಾರನನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವೂ ಇಲ್ಲ. ಇವು ಉಪಯುಕ್ತ ಹಕ್ಕುಗಳು. ಆದರೆ ಹಕ್ಕನ್ನು ಚಲಾಯಿಸಲು ಕೈಯಲ್ಲಿ ಹಣವಿರಬೇಕು.

ಖಾಲಿ ಬೀಳುವ ಕೊಠಡಿಯ ಮಾತೂ ಇದೆ. ಕಾಲೇಜಿನ ಹತ್ತಿರದ ಕಟ್ಟಡಕ್ಕೆ ಬಾಡಿಗೆದಾರರ ಕೊರತೆಯಿಲ್ಲ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳು ಅದೇ ಕಟ್ಟಡದಲ್ಲಿ ದೀಪ ಉರಿಯುವುದಿಲ್ಲ. 2020ರಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಆರು ತಿಂಗಳ ಕಂತಿನಷ್ಟು ಹಣವನ್ನು ಮುಟ್ಟದೆ ಇಟ್ಟುಕೊಂಡವರಿಗೆ ಮಾತ್ರ ಅಂಥ ಕಾಲದಲ್ಲಿ ನಿದ್ದೆ ಬರುತ್ತದೆ.

ತೆರಿಗೆ ಉಳಿತಾಯದ ಆಸೆಯನ್ನೂ ಅಳೆದು ನೋಡಬೇಕು. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ದುರಸ್ತಿಗೆಂದು ಬಿಟ್ಟು, ಬಾಡಿಗೆಗೆ ಕೊಟ್ಟ ಭಾಗದ ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೀಗೆ ಬರುವ ನಷ್ಟವನ್ನು ಸಂಬಳದ ಆದಾಯದಲ್ಲಿ ಹೊಂದಿಸಲು ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಮಿತಿ ಇದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ. ತಾವೇ ವಾಸಿಸುವ ಭಾಗದ ಬಡ್ಡಿಗೂ ಅಲ್ಲಿ ರಿಯಾಯಿತಿ ಇಲ್ಲ.

ಮಗನ ಸಹಿ

ತಂದೆ ಬ್ಯಾಂಕಿಗೆ ಹೋಗಿ ಬಂದ ದಿನ ಹೊಸ ತೊಡಕು ಎದುರಾಯಿತು. ಅವರಿಗೆ 48 ವರ್ಷ. 60ಕ್ಕೆ ನಿವೃತ್ತಿ. ಸಾಲದ ಅವಧಿ 12 ವರ್ಷಕ್ಕೆ ಇಳಿದರೆ ಲಕ್ಷಕ್ಕೆ ಕಂತು 1,110 ರೂಪಾಯಿ. 64 ಲಕ್ಷಕ್ಕೆ 71,000 ದಾಟುತ್ತದೆ. ಅದು ಅವರ ವರಮಾನಕ್ಕೆ ಎಟುಕುವುದಿಲ್ಲ. ಆದರೆ ದಾರಿಯಿದೆ ಎಂದರು ಬ್ಯಾಂಕಿನವರು. ಕೆಲಸಕ್ಕೆ ಸೇರಿದ ಮಗನನ್ನು ಸಹಸಾಲಗಾರನನ್ನಾಗಿ ಸೇರಿಸಿದರೆ 20 ವರ್ಷ ಕೊಡಬಹುದು.

ಫೋನಿನಲ್ಲಿ ಕೇಳಿದ್ದಕ್ಕೆ ಮಗ ತಡಮಾಡದೆ ಒಪ್ಪಿದ. "ಒಂದು ಸಹಿ ತಾನೇ ಅಪ್ಪ, ಹಾಕ್ತೀನಿ ಬಿಡಿ."

ಒಂದು ಸಹಿ ಎಂದರೆ ಎಷ್ಟು? ಸಹಸಾಲಗಾರ ಹೆಸರಿಗೆ ಮಾತ್ರ ಜೊತೆಗಾರನಲ್ಲ. ಇಡೀ ಸಾಲಕ್ಕೆ ಅವನೂ ಹೊಣೆ. ತಂದೆ ಕಟ್ಟದ ತಿಂಗಳು ಅವನು ಕಟ್ಟಬೇಕು. ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಯಲ್ಲಿ ಪೂರ್ತಿ ಸಾಲ ಅವನ ಹೆಸರಿನಲ್ಲೂ ಕಾಣುತ್ತದೆ. ನಾಳೆ ಅವನು ಎಂ.ಟೆಕ್. ಓದಲು ಹೊರಟರೆ, ತನ್ನದೇ ಮನೆ ಕೊಳ್ಳಲು ಹೊರಟರೆ, ಬ್ಯಾಂಕು ಮೊದಲು ನೋಡುವುದು ಈ ದಾಖಲೆಯನ್ನು. ತಂದೆ ನಿವೃತ್ತರಾಗುವ ಹೊತ್ತಿಗೆ, ಅಂದರೆ 12 ವರ್ಷ ಒಂದೂ ಕಂತು ತಪ್ಪದೆ ಕಟ್ಟಿದ ಮೇಲೂ, 38.6 ಲಕ್ಷ ಬಾಕಿ ಇರುತ್ತದೆ. ಆಗ ಅವನಿಗೆ 34 ವರ್ಷ. ಅಲ್ಲಿಂದ ಮುಂದಿನ ಎಂಟು ವರ್ಷದ ಕೊರತೆ ಅವನ ಪಾಲಿಗೆ.

ಮಗಳ ಪಾಲೂ ಇದರಲ್ಲಿದೆ. 28 ಲಕ್ಷದಲ್ಲಿ 23.6 ಲಕ್ಷ ಹೋದರೆ ಉಳಿಯುವುದು 4.4 ಲಕ್ಷ. ತಿಂಗಳ 33,000 ರೂಪಾಯಿ ಕೊರತೆ ತುಂಬುತ್ತಾ ಅವಳ ಎಂಜಿನಿಯರಿಂಗ್ ಶುಲ್ಕ ಕಟ್ಟಬೇಕು. ಶಿಕ್ಷಣ ಸಾಲಕ್ಕೆ ಮನೆಯನ್ನು ಅಡವಿಡಬಹುದು ಎಂದರೆ ಮನೆ ಆಗಲೇ ಅಡವಾಗಿದೆ. ಆ ಮಾತು ಎತ್ತಿದವಳು ಮಗಳಲ್ಲ, ತಾಯಿ. ಮಗಳು ಲೆಕ್ಕದ ಹಾಳೆಯನ್ನು ಫೋನಿನಲ್ಲಿ ಫೋಟೊ ತೆಗೆದು ಅಣ್ಣನಿಗೆ ಕಳುಹಿಸಿದಳು, ಅಷ್ಟೇ.

ಮಕ್ಕಳು ತಂದೆ ತಾಯಿಗೆ ನೆರವಾಗಬಾರದು ಎಂದಲ್ಲ. ನೆರವು ಬೇರೆ, ಹೊಣೆ ಬೇರೆ. ಸಹಿ ಹಾಕುವ ಮಗನಿಗೆ ಈ ಅಂಕಿಗಳು ಮೊದಲೇ ತಿಳಿದಿರಬೇಕು. ತಿಳಿದ ಮೇಲೂ ಹಾಕುತ್ತೇನೆ ಎಂದರೆ ಆ ಸಹಿಗೆ ಬೆಲೆ.

ಅದೇ ಹಣ, ಚಿಕ್ಕ ಮನೆ

ಹಾಗಾದರೆ ಮಧ್ಯಮ ವರ್ಗದವರು ಬಾಡಿಗೆ ಮನೆಯ ಆಸೆಯನ್ನೇ ಬಿಡಬೇಕೇ? ಬೇಡ. ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಕು. ಮೊದಲು ಮನೆ ಹೊರುವ ಸಾಲ, ಆಮೇಲೆ ಸಂಬಳದಿಂದ ನೋವಿಲ್ಲದೆ ಕೊಡಬಹುದಾದ ಹಣ, ಕೊನೆಗೆ ಬ್ಯಾಂಕಿನ ಮಿತಿ.

ಅದೇ ಊರಿನಲ್ಲಿ ಇನ್ನೊಂದು ಕಟ್ಟಡವಿದೆ ಎಂದಿಟ್ಟುಕೊಳ್ಳಬಹುದು. ಕೆಳಗೊಂದು ಮನೆ, ಮೇಲೊಂದು ಮನೆ, 45 ಲಕ್ಷ. ಕೆಳಗಿನದಕ್ಕೆ 9,500, ಮೇಲಿನದಕ್ಕೆ 7,000 ಬಾಡಿಗೆ ಬರಬಹುದು. ಮುಕ್ಕಾಲು ಭಾಗ ಎಂದರೆ 12,375. ಕೈಯಿಂದ 19 ಲಕ್ಷ ಹಾಕಿ 26 ಲಕ್ಷ ಸಾಲ ಪಡೆದರೆ, ನೋಂದಣಿಯ 3.42 ಲಕ್ಷ, ಇತರೆ ಒಂದು ಲಕ್ಷ ಸೇರಿ ಸ್ವಂತ ಹಣ 23.4 ಲಕ್ಷ. ದೊಡ್ಡ ಕಟ್ಟಡಕ್ಕೆ ಬೇಕಾದದ್ದೂ ಇಷ್ಟೇ. ಆದರೆ ಇಲ್ಲಿ 12 ವರ್ಷದ ಕಂತು 28,862 ರೂಪಾಯಿ. ಸಂಬಳದಿಂದ ಸೇರಿಸಬೇಕಾದದ್ದು ಸುಮಾರು 16,500. ಬಡ್ಡಿ ಶೇ 11ಕ್ಕೆ ಏರಿದರೂ ಕಂತು 32,592ಕ್ಕೆ ನಿಲ್ಲುತ್ತದೆ. ತಂದೆಯ ನಿವೃತ್ತಿಯ ದಿನಕ್ಕೆ ಸಾಲ ಮುಗಿಯುತ್ತದೆ. ಮಗನ ಸಹಿ ಬೇಕಿಲ್ಲ.

ಇನ್ನೊಂದು ದಾರಿ ಕರ್ನಾಟಕದ ಊರೂರುಗಳಲ್ಲಿ ಕಣ್ಣಿಗೆ ಬೀಳುತ್ತದೆ. ತಾರಸಿಯ ಮೇಲೆ ಕಂಬದ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿ ನಿಂತ ಮನೆಗಳನ್ನು ಎಲ್ಲರೂ ನೋಡಿದ್ದಾರೆ. ಹೊರಗಿನವರಿಗೆ ಅದು ಅರ್ಧಕ್ಕೆ ನಿಂತ ಕೆಲಸ. ಕಟ್ಟಿದವರಿಗೆ ಅದು ಯೋಜನೆ. ತಳಪಾಯವನ್ನು ಮೂರು ಮಹಡಿಗೆ ಹಾಕಿಸಿ, ಒಂದನ್ನು ಕಟ್ಟಿ, ಆ ಸಾಲ ಹಗುರಾದ ಮೇಲೆ ಇನ್ನೊಂದನ್ನು ಕಟ್ಟುತ್ತಾರೆ. ನಕ್ಷೆಯನ್ನು ಮೊದಲೇ ಸರಿಯಾಗಿ ಮಂಜೂರು ಮಾಡಿಸಿಕೊಂಡರೆ ಇದಕ್ಕಿಂತ ಕ್ಷೇಮದ ದಾರಿ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇವರು ತಮ್ಮದೊಂದು ಮಾತು ಸೇರಿಸಿದ್ದಾರೆ: ಹಾಸಿಗೆಯನ್ನು ವರ್ಷವರ್ಷ ಹೊಲಿದು ಉದ್ದ ಮಾಡು.

ಆ ಕುಟುಂಬ ಏನು ಮಾಡಿತು? ದಲ್ಲಾಳಿ ಮತ್ತೆ ಬಂದಾಗ ತಂದೆ ನೋಟುಪುಸ್ತಕದ ಕೊನೆಯ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. "ಅಷ್ಟು ದೊಡ್ಡದು ಬೇಡಪ್ಪ. ಎರಡು ಮನೆಯದು ಯಾವುದಾದರೂ ಇದ್ದರೆ ಹೇಳು. ನಕ್ಷೆ, ಇ.ಸಿ. ಮೊದಲು ತೋರಿಸಬೇಕು" ಎಂದರು. ದಲ್ಲಾಳಿಯ ಮುಖ ಸಣ್ಣದಾಯಿತು.

ಒಳಗೆ ಮಗಳು ಸಿ.ಇ.ಟಿ. ತಯಾರಿಗೆ ಕೂತಿದ್ದಳು. ಗುಣೋತ್ತರ ಶ್ರೇಢಿಯ ಅಧ್ಯಾಯವನ್ನು ಇನ್ನೊಮ್ಮೆ ಓದುವ ಅಗತ್ಯ ಅವಳಿಗೆ ಬೀಳಲಿಲ್ಲ.